ಇಳಿದ ಬೆಲೆ, ಇಳಿಯದ ಒತ್ತಡ

ವಸ್ತುವಿಗೆ ಮುಪ್ಪು ಬರುವ ಕ್ರಮವೂ ಅದರ ಬೆಲೆ ಇಳಿಯುವ ಕ್ರಮವೂ ಒಂದೇ ಆಗಿದ್ದ ಪಕ್ಷದಲ್ಲಿ ಹಳೆಯ ಕಾರುಗಳ ವ್ಯಾಪಾರ ಬಹು ಸುಲಭದ ವ್ಯವಹಾರವಾಗುತ್ತಿತ್ತು. ಅರ್ಧ ಬೆಲೆಗೆ ಕೊಂಡವನು ಅರ್ಧ ಖರ್ಚಿನಲ್ಲಿ ಅದನ್ನು ಸಾಕಿಕೊಂಡು, ಅರ್ಧ ಸುಖವನ್ನು ಅನುಭವಿಸಿ, ಯಾರನ್ನೂ ದೂರದೆ ಇರಬಹುದಾಗಿತ್ತು. ಆದರೆ ಬೆಲೆಯೆಂಬುದು ಮನುಷ್ಯರು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದ. ಪೇಟೆಯ ಬಯಕೆ ತಿರುಗಿದೊಡನೆ ಅದೂ ತಿರುಗುತ್ತದೆ. ಯಂತ್ರದ ಒಡಲಿನ ಒತ್ತಡ, ಉಷ್ಣತೆ, ಬಿಗಿ ಇವು ಅಂಥ ಯಾವ ಒಪ್ಪಂದಕ್ಕೂ ಒಳಪಟ್ಟವಲ್ಲ. ಐವತ್ತು ಲಕ್ಷ ರೂಪಾಯಿ ತೆತ್ತು ಮೊದಲ ಯಜಮಾನ ಮನೆಗೆ ತಂದ ದಿನ ಇಂಧನವನ್ನು 2000 ವಾಯುಮಂಡಲಗಳಷ್ಟು ಒತ್ತಡಕ್ಕೆ ಏರಿಸುತ್ತಿದ್ದ ಪಂಪು, ಅದೇ ಕಾರು ಮೂರನೆಯ ಯಜಮಾನನ ಕೈಗೆ ಎಂಟು ಲಕ್ಷಕ್ಕೆ ಬಂದ ಮಾರನೆಯ ದಿನವೂ ಅಷ್ಟೇ ಒತ್ತಡಕ್ಕೆ ಏರಿಸಬೇಕು; ಇಲ್ಲವಾದರೆ ಕಾರು ನಿಂತಲ್ಲೇ ನಿಲ್ಲಬೇಕು. ಹಳೆಯ ಡೀಸೆಲ್ ಐಷಾರಾಮಿ ಕಾರಿನೊಂದಿಗೆ ಬಾಳ್ವೆ ಮಾಡಹೊರಟವನಿಗೆ ಎದುರಾಗುವ ಸುಖದುಃಖಗಳೆಲ್ಲ ಈ ಒಂದು ಭೌತಿಕ ಸತ್ಯದ ಸುತ್ತ ತಿರುಗುತ್ತವೆ.

ಕಡೂರು ತಾಲ್ಲೂಕಿನ ದೇವನೂರಿನಲ್ಲಿ ನನ್ನ ಬಂಧುಗಳೊಬ್ಬರು ಇಂಥದೊಂದು ಕಾರನ್ನು ಸಾಕಿಕೊಂಡಿದ್ದಾರೆ. ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದು, ಅವನ ಆರಾಧ್ಯದೈವವಾದ ಲಕ್ಷ್ಮೀಕಾಂತನ ದೇವಾಲಯವಿರುವ ಊರೆಂದು ಕನ್ನಡಿಗರು ದೇವನೂರನ್ನು ಬಲ್ಲರು. ಆ ಕಾವ್ಯದ ಕಥೆ ನಡೆಯುವುದು ಧರ್ಮರಾಯನ ಯಜ್ಞಾಶ್ವದ ಹಿಂದೆ; ಮುಂದೆ ಒಂದು ಕುದುರೆ, ಅದರ ಬೆನ್ನಿಗೆ ಅರ್ಜುನನೂ ಅವನ ಸೈನ್ಯವೂ. ಕುದುರೆಯ ಹುಲ್ಲುಹುರುಳಿಯ ಖರ್ಚಿಗಿಂತ ಅದರ ಹಿಂದೆ ಹೊರಟ ಸೈನ್ಯದ ಖರ್ಚು ಎಷ್ಟು ಪಾಲು ಹೆಚ್ಚಿದ್ದಿತೆಂದು ಲಕ್ಷ್ಮೀಶ ಲೆಕ್ಕ ಹಾಕಲಿಲ್ಲ. ನಮ್ಮ ಬಂಧುಗಳು ಹಾಕಿದ್ದಾರೆ.

ಆ ಕಾರು ದೇವನೂರಿನವರೆಗೆ ಹೇಗೆ ಬಂತು ಎಂಬುದರಲ್ಲಿಯೂ ಸ್ವಲ್ಪ ವಿಜ್ಞಾನವಿದೆ, ಸ್ವಲ್ಪ ನ್ಯಾಯಶಾಸ್ತ್ರವಿದೆ. ದೆಹಲಿಯ ಗಾಳಿ ಕೆಟ್ಟುಹೋದದ್ದನ್ನು ಕಂಡು, ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಆ ರಾಜಧಾನಿ ಪ್ರದೇಶದಲ್ಲಿ ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ಆಜ್ಞೆ ಮಾಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಚೆನ್ನಾಗಿ ಓಡುತ್ತಿದ್ದ, ಚರ್ಮದ ಆಸನಗಳಿನ್ನೂ ಮಾಸದಿದ್ದ ಎಷ್ಟೋ ಕಾರುಗಳು ಅಲ್ಲಿ ಏಕಾಏಕಿ ಬೆಲೆ ಕಳೆದುಕೊಂಡು ದಕ್ಷಿಣದ ದಾರಿ ಹಿಡಿದವು. ಹೀಗೆ ಬಂದ ಕಾರಿಗೆ ಅಲ್ಲಿನ ಎನ್‌ಒಸಿ ತರಿಸಿ, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ, ಚಿಕ್ಕಮಗಳೂರಿನ ಕೆಎ 18 ಅಥವಾ ತರೀಕೆರೆಯ ಕೆಎ 66 ಫಲಕವನ್ನು ಹಾಕಿಸುವಷ್ಟರಲ್ಲಿ, ದಲ್ಲಾಳಿ ಹೇಳಿದ್ದ ಅಗ್ಗದ ಬೆಲೆ ಅಷ್ಟೇನೂ ಅಗ್ಗವಲ್ಲವೆಂಬುದು ಕೊಂಡವನಿಗೆ ತಿಳಿದಿರುತ್ತದೆ. ಇದು ಹೊರಗಿನ ಖರ್ಚು. ಒಳಗಿನದನ್ನು ತಿಳಿಯಬೇಕಾದರೆ ಡೀಸೆಲ್ ಎಂಜಿನ್ನಿನ ಹುಟ್ಟಿಗೇ ಹೋಗಬೇಕು.

ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ತುದಿ ಬಿಸಿಯೇರುವುದು ಗೊತ್ತು. ಅನಿಲವನ್ನು ಥಟ್ಟನೆ ಅದುಮಿದಾಗ, ಅದುಮಲು ನಾವು ವ್ಯಯಿಸಿದ ಶ್ರಮವು ಹೊರಗೆ ಹೋಗಲು ಅವಕಾಶವಿಲ್ಲದೆ ಅನಿಲದ ಉಷ್ಣತೆಯಾಗಿ ಅಲ್ಲಿಯೇ ಉಳಿಯುತ್ತದೆ. ಸಿಲಿಂಡರಿನ ತುಂಬ ಇರುವ ಗಾಳಿಯನ್ನು ಅದರ ಹದಿನಾರರಲ್ಲೊಂದು ಪಾಲಿನ ಎಡೆಗೆ ಪಿಸ್ಟನ್ ಅದುಮಿದರೆ, ಒತ್ತಡವು ಹದಿನಾರು ಪಟ್ಟಾಗಿ ನಿಲ್ಲುವುದಿಲ್ಲ. ಕಾವೂ ಸೇರಿಕೊಳ್ಳುವುದರಿಂದ ಸುಮಾರು ನಲವತ್ತು ಪಟ್ಟಾಗುತ್ತದೆ, ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುವುದಕ್ಕೆ 250 ಡಿಗ್ರಿಯ ಆಸುಪಾಸಿನ ಕಾವೇ ಸಾಕು. ಆದುದರಿಂದ ಆ ಗಾಳಿಯೊಳಕ್ಕೆ ಎಣ್ಣೆಯನ್ನು ಚಿಮ್ಮಿದರಾಯಿತು, ಕಿಡಿಯ ಹಂಗಿಲ್ಲದೆ ಉರಿ ಏಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಕವಾಟವನ್ನು ಅಡ್ಡವಿಟ್ಟು ಶಕ್ತಿಯನ್ನು ಹತೋಟಿಯಲ್ಲಿಡುತ್ತಾರೆ. ಡೀಸೆಲ್ಲಿನಲ್ಲಿ ಗಾಳಿಯನ್ನು ಬೇಕಾದಷ್ಟು ಬಿಟ್ಟು ಎಣ್ಣೆಯ ಪ್ರಮಾಣವನ್ನು ಮಾತ್ರ ಹೆಚ್ಚುಕಡಿಮೆ ಮಾಡುತ್ತಾರೆ. ಭಾರೀ ಕಾರೊಂದು ಹೆದ್ದಾರಿಯಲ್ಲಿ ಹಗುರವಾಗಿ ಸಾಗುವಾಗ ಡೀಸೆಲ್ ಇಷ್ಟು ಕಡಿಮೆ ಕುಡಿಯುವುದೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ಇದು. ಉಳಿದರ್ಧ, ಹೆಚ್ಚು ಅದುಮಿದಷ್ಟೂ ಉರಿಯಿಂದ ಹೆಚ್ಚು ಕೆಲಸವನ್ನು ಪಡೆಯಬಹುದೆಂಬ ಉಷ್ಣಗತಿಶಾಸ್ತ್ರದ ನಿಯಮ.

ಈ ನಿಯಮವನ್ನು ಮ್ಯೂನಿಕ್ಕಿನಲ್ಲಿ ಕಾರ್ಲ್ ಫಾನ್ ಲಿಂಡೆಯ ಪಾಠಗಳಲ್ಲಿ ಕೇಳಿದ್ದ ರುಡಾಲ್ಫ್ ಡೀಸೆಲ್, 1892ರಲ್ಲಿ ತನ್ನ ಎಂಜಿನ್ನಿಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದನು. ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಒದ್ದಾಡಿದ ಮೇಲೆ 1897ರಲ್ಲಿ ಅವನ ಯಂತ್ರವು ಇಂಧನದ ಶಕ್ತಿಯಲ್ಲಿ ಶೇಕಡಾ 26 ಪಾಲನ್ನು ಕೆಲಸವಾಗಿ ಪರಿವರ್ತಿಸಿ ತೋರಿಸಿತು. ಆ ಕಾಲದ ಸಾಮಾನ್ಯ ಉಗಿಯಂತ್ರಗಳು ಶೇಕಡಾ ಹತ್ತನ್ನು ಮುಟ್ಟಿದರೆ ಹೆಚ್ಚು. ಡೀಸೆಲ್ಲನ ಮನಸ್ಸಿನಲ್ಲಿದ್ದದ್ದು ಶ್ರೀಮಂತರ ಸಾರೋಟು ಅಲ್ಲ; ದೊಡ್ಡ ಗಿರಣಿಗಳ ಉಗಿಯಂತ್ರದೆದುರು ಸೋತುಹೋಗುತ್ತಿದ್ದ ಸಣ್ಣ ಕುಶಲಕರ್ಮಿಗೂ ತನ್ನದೇ ಆದ ಶಕ್ತಿಮೂಲವೊಂದು ಇರಲೆಂಬ ಆಸೆ. ಆ ಆಸೆ ಕೈಗೂಡಿದ್ದನ್ನು ನೋಡಲು ಜರ್ಮನಿಗೆ ಹೋಗಬೇಕಾಗಿಲ್ಲ. ಬಯಲುಸೀಮೆಯ ತೋಟಗಳಲ್ಲಿ, ವಿದ್ಯುತ್ತು ಬರುವುದಕ್ಕೆ ಮುಂಚೆ, ಹಿಟ್ಟಿನ ಗಿರಣಿಯ ಮುಂದೆ ಮತ್ತು ಬಾವಿಯ ಕಟ್ಟೆಯ ಮೇಲೆ ಡಬಡಬ ಎನ್ನುತ್ತಿದ್ದ ಇಂಗ್ಲೆಂಡಿನ ಲಿಸ್ಟರ್, ಪುಣೆಯ ಕಿರ್ಲೋಸ್ಕರ್ ಮುಂತಾದ ಎಂಜಿನ್ನುಗಳು ಅವನ ಆಸೆಯ ಅಚ್ಚುಗಳೇ. ಕಾರಿಗೆ ಡೀಸೆಲ್ ಬಂದದ್ದು ತಡವಾಗಿ. 1936ರಲ್ಲಿ ಮರ್ಸಿಡಿಸ್ ಬೆಂಜ್ ಕಂಪನಿಯ 260 ಡಿ ಮಾದರಿಯೊಂದಿಗೆ. ರುಡಾಲ್ಫ್ ಡೀಸೆಲ್ ಅದನ್ನು ನೋಡಲಿಲ್ಲ. 1913ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಒಂದು ರಾತ್ರಿ ಕಾಣೆಯಾಗಿದ್ದನು.

ನಮ್ಮ ಬಂಧುಗಳ ತೋಟದ ಕೊಟ್ಟಿಗೆಯಲ್ಲಿ ಅಂಥ ಹಳೆಯ ಪಂಪ್‌ಸೆಟ್ ಎಂಜಿನ್ ಒಂದು ಇನ್ನೂ ಇದೆ. ಅದರ ಪಕ್ಕದಲ್ಲೇ ಈ ಕಾರೂ ನಿಲ್ಲುತ್ತದೆ. ಒಂದೇ ತತ್ತ್ವದ ಎರಡು ಸಂತಾನಗಳನ್ನು ಹೀಗೆ ಒಂದೇ ಸೂರಿನಡಿ ನೋಡುವ ಅವಕಾಶ ಎಲ್ಲರಿಗೂ ಸಿಗುವುದಲ್ಲವಾದ್ದರಿಂದ ಸ್ವಲ್ಪ ಹೊತ್ತು ಇಲ್ಲಿ ನಿಲ್ಲುವುದು ಉಚಿತ. ಪಂಪ್‌ಸೆಟ್ಟಿನ ಎಂಜಿನ್ನಿಗೆ ಒಂದೇ ಸಿಲಿಂಡರು, ನಿಮಿಷಕ್ಕೆ ಆರುನೂರು ಏಳುನೂರು ಸುತ್ತು, ಭಾರವಾದ ಗಾಲಿ, ಹ್ಯಾಂಡಲ್ ಹಾಕಿ ತಿರುಗಿಸಿ, ಗಾಲಿ ಓಟ ಹಿಡಿದ ಮೇಲೆ ಡಿಕಂಪ್ರೆಷನ್ ಸನ್ನೆಯನ್ನು ಬಿಟ್ಟರೆ ಅದು ಹೊತ್ತಿಕೊಳ್ಳುತ್ತದೆ. ಅದರ ನಾಜಲಿನಿಂದ ಎಣ್ಣೆ ಹೊರಡುವುದು ಇನ್ನೂರು ವಾಯುಮಂಡಲದ ಆಸುಪಾಸಿನ ಒತ್ತಡದಲ್ಲಿ. ಕ್ಯಾನಿನಲ್ಲಿ ಮೂರು ತಿಂಗಳಿಂದ ಬಿದ್ದಿದ್ದ ಡೀಸೆಲ್ಲನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ ಹುಯ್ದರೂ ಅದು ಗೊಣಗಿಕೊಂಡೇ ಓಡುತ್ತದೆ. ಕಾರಿನ ಎಂಜಿನ್ನಿಗೆ ಹಾಗೆ ಗೊಣಗುವ ಸೌಲಭ್ಯವಿಲ್ಲ. 1997ರಲ್ಲಿ ಇಟಲಿಯ ಆಲ್ಫಾ ರೋಮಿಯೋ, ಜರ್ಮನಿಯ ಮರ್ಸಿಡಿಸ್ ಕಾರುಗಳೊಂದಿಗೆ ಮಾರುಕಟ್ಟೆಗೆ ಬಂದ ಕಾಮನ್ ರೈಲ್ ಎಂಬ ವ್ಯವಸ್ಥೆಯಲ್ಲಿ, ಎಣ್ಣೆಯನ್ನು ಒಂದು ದಪ್ಪ ಉಕ್ಕಿನ ಕೊಳವೆಯಲ್ಲಿ ಸದಾ ಮಹಾ ಒತ್ತಡದಲ್ಲಿ ಕೂಡಿಟ್ಟು, ಪ್ರತಿಯೊಂದು ಸಿಲಿಂಡರಿನ ಇಂಜೆಕ್ಟರನ್ನೂ ವಿದ್ಯುತ್ ಸಂಜ್ಞೆಯಿಂದ ತೆರೆದು ಮುಚ್ಚುತ್ತಾರೆ. ಮೊದಲ ಕಾರುಗಳಲ್ಲಿ 1350 ವಾಯುಮಂಡಲದಷ್ಟಿದ್ದ ಈ ಒತ್ತಡ ಮುಂದೆ 2000ವನ್ನೂ ದಾಟಿತು. ಇಂಜೆಕ್ಟರಿನ ತುದಿಯ ಏಳೆಂಟು ರಂಧ್ರಗಳಲ್ಲಿ ಒಂದೊಂದರ ವ್ಯಾಸವೂ ಮಿಲಿಮೀಟರಿನ ಎಂಟರಲ್ಲೊಂದೋ ಹತ್ತರಲ್ಲೊಂದೋ ಪಾಲು. ಒಳಗಿನ ಸೂಜಿಗೂ ಅದರ ಗೋಡೆಗೂ ನಡುವಣ ಸಂದು ಎರಡು ಮೂರು ಮೈಕ್ರಾನ್, ಅಂದರೆ ತಲೆಗೂದಲ ದಪ್ಪದ ಇಪ್ಪತ್ತರಲ್ಲೊಂದು ಪಾಲಿಗೂ ಕಡಿಮೆ. ಒಂದು ಉರಿಗೆ ಎಣ್ಣೆಯನ್ನು ಒಂದೇ ಸಲಕ್ಕೆ ಚಿಮ್ಮದೆ, ಮೊದಲು ಒಂದು ಹನಿಯ ಅಲ್ಪಾಂಶವನ್ನು ಕಳುಹಿಸಿ ಉರಿಯ ನಾಂದಿ ಹಾಡಿಸಿ, ಆಮೇಲೆ ಮುಖ್ಯ ಭಾಗವನ್ನು ಬಿಡುತ್ತಾರೆ. ಹಳೆಯ ಡೀಸೆಲ್ಲಿನ ಕಟಕಟ ಸದ್ದು ಈ ಕಾರುಗಳಲ್ಲಿ ಕೇಳಿಸದಿರುವುದಕ್ಕೆ ಇದು ಮುಖ್ಯ ಕಾರಣ. ಇದೆಲ್ಲ ನಡೆಯುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲಿ.

ಪಂಚೆಯ ತುಂಡು ತಡೆಯಲಾರದ ದೂಳಿನ ಕಣವೊಂದು ಈ ಎರಡು ಮೈಕ್ರಾನಿನ ಸಂದಿಗೆ ಸೇರಿದರೆ ಏನಾಗುವುದೆಂಬುದನ್ನು ಊಹಿಸಬಹುದು. ಕಣಕ್ಕಿಂತಲೂ ಕೆಟ್ಟದ್ದು ನೀರು. ಅದಕ್ಕೆ ಜಿಡ್ಡಿಲ್ಲ, ತುಕ್ಕು ತರುವ ಗುಣವುಂಟು. ಎಣ್ಣೆಗೆ ಹೊಂದಿಸಿ ಮಾಡಿದ ಪಂಪು, ತನ್ನನ್ನು ತಾನು ಎಣ್ಣೆಯಿಂದಲೇ ಜಾರಿಸಿಕೊಳ್ಳುವಂಥದ್ದು, ನೀರು ಬಂದಾಗ ಲೋಹಕ್ಕೆ ಲೋಹ ತಿಕ್ಕಿ ಸಣ್ಣ ಸಣ್ಣ ಪುಡಿಯನ್ನುದುರಿಸುತ್ತದೆ. ಆ ಪುಡಿ ಇಂಜೆಕ್ಟರುಗಳವರೆಗೆ ಪಯಣ ಮಾಡುತ್ತದೆ. ಅಲ್ಲಿಗೆ ಪಂಪು, ಕೊಳವೆ, ಇಂಜೆಕ್ಟರುಗಳೆಲ್ಲವೂ ಒಟ್ಟಿಗೆ ಹೋದಂತೆಯೇ. ಹೀಗೆ ಒಮ್ಮೆ ಕೆಟ್ಟುಹೋದ ಕಾರಿನ ದುರಸ್ತಿಯ ಅಂದಾಜು ಕಾರಿನ ಬೆಲೆಗೇ ಸಮನಾಗಿ ನಿಲ್ಲುವುದು ಈ ವ್ಯವಹಾರದಲ್ಲಿ ವಿರಳವಲ್ಲ. ಆದಕಾರಣ ಡೀಸೆಲ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ಬದಲಾಯಿಸುವವನು ಜಿಪುಣನೇ ಹೊರತು ದುಂದುಗಾರನಲ್ಲ. ಚೆನ್ನಾಗಿ ವ್ಯಾಪಾರವಾಗುವ ಬಂಕಿನಲ್ಲೇ ಎಣ್ಣೆ ಹಾಕಿಸುವುದು, ಟ್ಯಾಂಕನ್ನು ತೀರ ಬರಿದಾಗಲು ಬಿಡದಿರುವುದು, ಮನೆಯ ಪೀಪಾಯಿಯ ಡೀಸೆಲ್ಲನ್ನು ಎಂಥ ಆಪತ್ತಿನಲ್ಲೂ ಹುಯ್ಯದಿರುವುದು, ಇವೆಲ್ಲ ಆ ಎರಡು ಮೈಕ್ರಾನಿಗೆ ಸಲ್ಲುವ ಮರ್ಯಾದೆ. ಡೀಸೆಲ್ ಎಣ್ಣೆಯ ಗಂಧಕದ ಅಂಶವನ್ನು, ಭಾರತ್ ಸ್ಟೇಜ್ ಎಂಬ ಮಾಲಿನ್ಯ ಮಾನದಂಡಗಳ ಪೈಕಿ, ಬಿಎಸ್ 4ರಲ್ಲಿ ಹತ್ತು ಲಕ್ಷಕ್ಕೆ 50 ಪಾಲಿಗೂ, 2020ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಬಿಎಸ್ 6ರಲ್ಲಿ 10 ಪಾಲಿಗೂ ಇಳಿಸಿದ್ದಾರೆ. ಗಂಧಕವನ್ನು ತೆಗೆಯುವ ಕ್ರಿಯೆಯಲ್ಲಿ ಎಣ್ಣೆಯ ಸಹಜವಾದ ಜಾರುಗುಣವೂ ಸ್ವಲ್ಪ ಹೋಗುತ್ತದೆಯಾಗಿ, ಅದನ್ನು ತುಂಬಿಕೊಡಲು ಶುದ್ಧೀಕರಣಾಗಾರದಲ್ಲಿ ಬೇರೆ ದ್ರವ್ಯಗಳನ್ನು ಬೆರೆಸುತ್ತಾರೆ.

ಇಷ್ಟಾದರೂ ಶುಚಿತ್ವ ನಮ್ಮ ಕೈಯಲ್ಲಿರುವ ಮಾತು. ಹಳ್ಳಿಯ ಬಾಳ್ವೆಗೂ ಈ ಕಾರಿಗೂ ನಿಜವಾದ ವಿರಸವಿರುವುದು ಮಸಿಯ ವಿಷಯದಲ್ಲಿ. ಎಣ್ಣೆಯ ಹನಿಗಳು ಗಾಳಿಯೊಡನೆ ಸಮನಾಗಿ ಬೆರೆಯುವುದಕ್ಕೆ ಮೊದಲೇ ಹೊತ್ತಿಕೊಳ್ಳುವುದರಿಂದ, ಹನಿಯ ಹತ್ತಿರ ಆಮ್ಲಜನಕ ಸಾಲದೆ ಇಂಗಾಲ ಮಸಿಯಾಗಿ ಉಳಿಯುತ್ತದೆ. ಉರಿಯ ಅಂಚಿನಲ್ಲಿ ಕಾವು ವಿಪರೀತವೇರಿ ಸಾರಜನಕವೇ ಆಮ್ಲಜನಕದೊಡನೆ ಕೂಡಿಕೊಳ್ಳುತ್ತದೆ. ಒಂದನ್ನು ತಗ್ಗಿಸಹೋದರೆ ಮತ್ತೊಂದು ಏರುವುದು ಡೀಸೆಲ್ಲಿನ ಜಾತಕದಲ್ಲೇ ಇರುವ ದೋಷ. ಸಾರಜನಕದ ಆಕ್ಸೈಡುಗಳನ್ನು ಹತೋಟಿಗೆ ತರಲು, ಹೊರಹೋಗುವ ಹೊಗೆಯಲ್ಲಿ ಒಂದಂಶವನ್ನು ಇಜಿಆರ್ ಎಂಬ ಕವಾಟದ ಮೂಲಕ ಮತ್ತೆ ಒಳಕ್ಕೆ ಬಿಟ್ಟು ಉರಿಯ ಕಾವನ್ನು ತಗ್ಗಿಸುತ್ತಾರೆ. ಮಸಿಯನ್ನು ಹಿಡಿಯಲು ಹೊಗೆಕೊಳವೆಯ ನಡುವೆ ಡಿಪಿಎಫ್ ಎಂಬ ಪಿಂಗಾಣಿಯ ಗಟ್ಟಿಯನ್ನು ಕೂರಿಸುತ್ತಾರೆ. ಬಿಎಸ್ 4ರ ಕಾಲದ ದುಬಾರಿ ಕಾರುಗಳಲ್ಲಿ ಕೆಲವಕ್ಕೆ ಇದು ಇತ್ತು, ಕೆಲವಕ್ಕೆ ಇರಲಿಲ್ಲ. ಕೊಳ್ಳುವ ಮುನ್ನ ಕೇಳಿ ತಿಳಿಯತಕ್ಕ ವಿಷಯ. ಆ ಗಟ್ಟಿಯ ತುಂಬ ಸಣ್ಣ ಸಣ್ಣ ಓಣಿಗಳು. ಒಂದರ ಹಿಂಬಾಯಿ ಮುಚ್ಚಿದ್ದರೆ ಪಕ್ಕದ್ದರ ಮುಂಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯ ಸೂಕ್ಷ್ಮರಂಧ್ರಗಳ ಮೂಲಕವೇ ನುಸುಳಿ ಹೋಗಬೇಕಾದ್ದರಿಂದ ಮಸಿ ಹಿಂದುಳಿಯುತ್ತದೆ. ಹೀಗೆ ತುಂಬಿಕೊಂಡ ಮಸಿಯನ್ನು ಸುಡಲು 600 ಡಿಗ್ರಿಯ ಸುಮಾರಿನ ಕಾವು ಬೇಕು. ಹೆದ್ದಾರಿಯಲ್ಲಿ ಕಾಲು ಗಂಟೆ ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿಸಿದರೆ ಎಂಜಿನ್ ತಾನೇ ಹೆಚ್ಚಿನ ಎಣ್ಣೆಯನ್ನು ಚಿಮ್ಮಿ ಆ ಕಾವನ್ನು ತಂದುಕೊಳ್ಳುತ್ತದೆ. ಮನೆಯಿಂದ ತೋಟ, ತೋಟದಿಂದ ಹಾಲಿನ ಡೈರಿ, ಅಲ್ಲಿಂದ ಸಹಕಾರ ಸಂಘ ಎಂದು ಒಂದೊಂದು ಮೈಲಿಯ ಓಡಾಟ ಮಾಡುವ ಕಾರಿನ ಹೊಗೆಕೊಳವೆಯಲ್ಲಿ ಇನ್ನೂರು ಡಿಗ್ರಿಯೂ ಏರದು.

ಸುಡುವ ಕೆಲಸ ಆರಂಭವಾಗಿ, ಮುಗಿಯುವುದರೊಳಗಾಗಿ ಮನೆ ಬಂದು, ಯಜಮಾನರು ಕೀಲಿಯನ್ನು ತಿರುಗಿಸಿಬಿಟ್ಟರೆ ಅದರ ಪರಿಣಾಮ ವಿಚಿತ್ರವಾದದ್ದು. ಒಂದು ಬೆಳಿಗ್ಗೆ ನಮ್ಮ ಬಂಧುಗಳು ಬಾನೆಟ್ ಎತ್ತಿ, ಗೇಜ್ ಕಡ್ಡಿಯನ್ನು ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ತೆಗೆದು, "ನೋಡಿ, ಆಯಿಲ್ ಒಂದು ಚೂರೂ ಕಮ್ಮಿಯಾಗಿಲ್ಲ, ಮೇಲಿನ ಗೆರೆಗಿಂತ ಜಾಸ್ತೀನೇ ಇದೆ" ಎಂದು ಹೆಮ್ಮೆಯಿಂದ ತೋರಿಸಿದರು. ಕಡ್ಡಿಯ ತುದಿಯ ಎಣ್ಣೆ ಕಪ್ಪಗಿತ್ತು. ಬೆರಳಿಗೆ ಹಚ್ಚಿಕೊಂಡು ಉಜ್ಜಿದರೆ ಇರಬೇಕಾದ ಅಂಟು ಇರಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಡೀಸೆಲ್ಲಿನ ವಾಸನೆ. ಮಸಿ ಸುಡಲೆಂದು ಉರಿ ಮುಗಿದ ಮೇಲೆ ಚಿಮ್ಮಿದ ಎಣ್ಣೆಯಲ್ಲಿ ಒಂದು ಪಾಲು ಸಿಲಿಂಡರಿನ ಗೋಡೆಯುದ್ದಕ್ಕೂ ಇಳಿದು ಕೆಳಗಿನ ಸಂಪಿಗೆ ಸೇರಿ, ಎಂಜಿನ್ ಆಯಿಲನ್ನು ತೆಳುವು ಮಾಡಿತ್ತು. ಕಡಿಮೆಯಾದ ಎಣ್ಣೆಯನ್ನು ಕಂಡು ಎಲ್ಲರೂ ಹೆದರುತ್ತಾರೆ. ಹೆಚ್ಚಾದ ಎಣ್ಣೆಗೆ ಹೆದರುವವರು ಬಹಳ ಕಡಿಮೆ. ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವ ಟರ್ಬೋ ಅಚ್ಚು ತೇಲುತ್ತಿರುವುದು ಈ ಎಣ್ಣೆಯ ಪೊರೆಯ ಮೇಲೆಯೇ ಎಂಬುದನ್ನು ನೆನೆದರೆ, ಹೆದರಬೇಕಾದದ್ದು ಯಾವುದಕ್ಕೆಂಬುದು ಸ್ಪಷ್ಟ.

ಟರ್ಬೋ ಎಂದೆನಾಗಿ ಅದರ ಗುಣವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಚಕ್ರದಿಂದ ಒಳಗಿನ ಗಾಳಿಯನ್ನು ಒತ್ತುವ ಈ ಉಪಾಯಕ್ಕೆ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಕಡೂರಿನ ಬಯಲು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಯದಕ್ಕಿಂತ ಶೇಕಡಾ ಎಂಟರಷ್ಟು ಕಡಿಮೆ. ತರೀಕೆರೆಯ ಕಡೆಯಿಂದ ಲಿಂಗದಹಳ್ಳಿ ದಾಟಿ 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಏರುವಾಗ ಈ ಕೊರತೆ ಶೇಕಡಾ ಹದಿನೈದನ್ನು ಮುಟ್ಟುತ್ತದೆ. ಟರ್ಬೋ ಇಲ್ಲದ ಹಳೆಯ ಡೀಸೆಲ್ ವಾಹನ ಆ ತಿರುವುಗಳಲ್ಲಿ ಕರಿಹೊಗೆ ಕಾರುತ್ತ ಏದುಸಿರು ಬಿಡುವುದಕ್ಕೆ ಕಾರಣ ಇದೇ. ಎಣ್ಣೆ ಇದ್ದಷ್ಟೇ ಇದೆ, ಗಾಳಿ ಸಾಲದು. ನಮ್ಮ ಕಾರಿನ ಟರ್ಬೋ ಅಲ್ಲಿ ಇನ್ನಷ್ಟು ವೇಗದಿಂದ ಸುತ್ತಿ ಆ ಕೊರತೆಯನ್ನು ತುಂಬಿಕೊಡುತ್ತದೆ. ಎರಡು ಟನ್ನಿನ ಸಮೀಪದ ಭಾರವನ್ನು ಹೊತ್ತು ಸದ್ದಿಲ್ಲದೆ ಘಟ್ಟ ಹತ್ತುವ ಆ ಸುಖವನ್ನು ಅನುಭವಿಸಿದವರು, ಮೇಲೆ ಹೇಳಿದ ಸಂಕಟಗಳನ್ನೆಲ್ಲ ಸುಲಭವಾಗಿ ಮರೆಯುತ್ತಾರೆ. ನಾನೂ ಆ ಹಿಂದಿನ ಆಸನದಲ್ಲಿ ಕುಳಿತು ಮರೆತವನೇ.

ಮರೆಯಲಾಗದವು ಕೆಲವು ಉಂಟು. ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ಊರೂರಿನ ಹಂಪುಗಳು ಎತ್ತರ. ಬೇಸಿಗೆಯ ಕೆಂಪು ದೂಳು ಗಾಳಿಯ ಫಿಲ್ಟರನ್ನು ಬೇಗನೆ ಮುಚ್ಚುತ್ತದೆ. ತೆಂಗಿನ ತೋಟದ ಇಲಿಗಳಿಗೆ ವೈರುಗಳ ಹೊದಿಕೆ ಏತಕ್ಕೆ ರುಚಿಸುತ್ತದೆಯೋ, ಅವು ಕಡಿದ ಒಂದು ಎಳೆಯಿಂದಾಗಿ ಕಾರಿನ ಗಣಕವು ಇಲ್ಲದ ರೋಗವನ್ನು ಕಂಡು ಎಂಜಿನ್ನಿನ ಬಲವನ್ನು ಅರ್ಧಕ್ಕೆ ಇಳಿಸಿಬಿಡುತ್ತದೆ. ಇಂಥದೊಂದು ಸಂದರ್ಭದಲ್ಲಿ ಕಡೂರಿನಲ್ಲಿ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕೊಬ್ಬರನ್ನು ಕರೆಸಿದ್ದರು. ಅವರು ಸ್ಕ್ಯಾನರ್ ಚುಚ್ಚಿ, ಪರದೆಯ ಮೇಲೆ ಮೂಡಿದ ಕೋಡುಗಳ ಸಾಲನ್ನು ಓದಿ, ಯಾವುದನ್ನೂ ನಂಬದೆ, ಟಾರ್ಚ್ ಹಿಡಿದು ವೈರಿನ ದಾರಿಯನ್ನೇ ಹಿಡಿದು ಹೋಗಿ ಕಡಿದ ಜಾಗವನ್ನು ಕಂಡುಹಿಡಿದರು. "ಯಜಮಾನ್ರೇ, ಟ್ರ್ಯಾಕ್ಟ್ರು ಕೆಟ್ರೆ ಸೈಲೆನ್ಸರಲ್ಲಿ ಹೊಗೆ ಬರ್ತದೆ, ಇದು ಕೆಟ್ರೆ ನಿಮ್ ಜೇಬಲ್ಲಿ ಬರ್ತದೆ" ಎಂದು ಹೇಳಿ ಅವರು ತೆಗೆದುಕೊಂಡ ಕೂಲಿ ಮಾತ್ರ ತೀರ ಸ್ವಲ್ಪ. ಕೋಡು ಹೇಳುವುದು ಲಕ್ಷಣವನ್ನು, ಕಾರಣವನ್ನಲ್ಲ ಎಂಬ ವಿವೇಕವುಳ್ಳ ಇಂಥವರು ಸಿಕ್ಕಿದರೆ ಹಳೆಯ ಕಾರು ಉಳಿಯುತ್ತದೆ.

ಕೊಟ್ಟಿಗೆಯ ಹಿಂದೆ ಹೊಂಗೆಯ ಮರಗಳಿವೆ. ಅವುಗಳ ಬೀಜದೆಣ್ಣೆಯನ್ನೇ ಕಾರಿಗೆ ಹಾಕಿದರಾಗದೆ ಎಂದು ಆ ಮನೆಯ ಹುಡುಗರು ಕೇಳಿದರು. ಪ್ರಶ್ನೆ ಹುಡುಗಾಟದ್ದಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಸಣ್ಣ ಡೀಸೆಲ್ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆಯೆಣ್ಣೆಯಿಂದ ಜನರೇಟರುಗಳನ್ನು ಓಡಿಸಿ ನಮ್ಮ ಹಳ್ಳಿಗಳಲ್ಲಿ ನೀರೆತ್ತಿಸಿದರು. ನೆರೆಯ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವೇ ಇದೆ. ಆದರೆ ಹೊಂಗೆಯೆಣ್ಣೆಯ ಸ್ನಿಗ್ಧತೆ ಡೀಸೆಲ್ಲಿನದಕ್ಕಿಂತ ಹತ್ತು ಪಟ್ಟಿನ ಸುಮಾರು ಹೆಚ್ಚು. ಮೆಥನಾಲ್ ಬೆರೆಸಿ ರಾಸಾಯನಿಕ ಕ್ರಿಯೆಯಿಂದ ಅದರ ಗ್ಲಿಸರಾಲನ್ನು ಬಿಡಿಸಿ ತೆಗೆದರೆ ಮಾತ್ರ ಡೀಸೆಲ್ಲಿನ ಹದಕ್ಕೆ ಬರುತ್ತದೆ. ಹಾಗೆ ಮಾಡದ ಎಣ್ಣೆಯನ್ನು ಪಂಪ್‌ಸೆಟ್ಟಿನ ಇನ್ನೂರು ವಾಯುಮಂಡಲದ ನಾಜಲು ಹೇಗೋ ಒರಟಾಗಿ ಚಿಮ್ಮೀತು. ಕೂದಲೆಳೆಯ ರಂಧ್ರದ ಇಂಜೆಕ್ಟರು ಕೆಲವೇ ಗಂಟೆಗಳಲ್ಲಿ ಗೋಂದು ಕಟ್ಟಿಕೊಂಡೀತು. ಡೀಸೆಲ್ಲನ ಮೊದಲ ಯಂತ್ರಕ್ಕಿದ್ದ ಈ ಉದಾರವಾದ ಹಸಿವನ್ನು ಅವನ ವಂಶದ ಕೊನೆಯ ಕುಡಿ, ಮೃದುತ್ವಕ್ಕೂ ಶುಚಿತ್ವಕ್ಕೂ ಬದಲಾಗಿ, ಬಿಟ್ಟುಕೊಟ್ಟಿದೆ.

ಕೊಳ್ಳಬೇಕೆಂಬವರಿಗೆ ಇಷ್ಟು ಹೇಳಬಹುದು: ಹೊಳಪನ್ನೂ ಓಡಿದ ಕಿಲೋಮೀಟರನ್ನೂ ನೋಡುವ ಮೊದಲು, ತಣ್ಣಗಿರುವ ಎಂಜಿನ್ನನ್ನು ಬೆಳಗಿನ ಹೊತ್ತು ಹೊತ್ತಿಸಿ ಕೇಳಬೇಕು, ಇಂಜೆಕ್ಟರುಗಳಿಂದ ಹಿಂದಿರುಗುವ ಎಣ್ಣೆಯನ್ನು ಬೇರೆ ಬೇರೆ ಸೀಸೆಗಳಲ್ಲಿ ಹಿಡಿದು ಸಮನಾಗಿದೆಯೋ ನೋಡಿಸಬೇಕು, ಏಕೆಂದರೆ ಸವೆದ ಇಂಜೆಕ್ಟರು ತನ್ನ ಪಾಲಿಗಿಂತ ಹೆಚ್ಚನ್ನು ಹಿಂದಕ್ಕೆ ಬಿಡುತ್ತದೆ, ಹಿಂದಿನ ಯಜಮಾನ ಕಾರನ್ನು ಊರೊಳಗೆ ಓಡಿಸಿದನೋ ಊರಿಂದೂರಿಗೆ ಓಡಿಸಿದನೋ ಎಂಬುದನ್ನು ವಿಚಾರಿಸಬೇಕು. ಒಂದು ಲಕ್ಷ ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಿದ ಡೀಸೆಲ್ ಕಾರು ನಲವತ್ತು ಸಾವಿರ ಬೀದಿಯಲ್ಲಿ ತೆವಳಿದ್ದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ನಮ್ಮ ಬಂಧುಗಳು ಎಂಜಿನ್ ಆಯಿಲನ್ನು ಬದಲಾಯಿಸಿದ ಮೇಲೆ ಮನೆಯಲ್ಲಿ ಒಂದು ವ್ಯವಸ್ಥೆ ಮಾಡಿಕೊಂಡರು. ಬೆಂಗಳೂರಿಗೆ, ಶಿವಮೊಗ್ಗೆಗೆ, ಮದುವೆ ಮುಂಜಿಗಳಿಗೆ ಕಾರು. ಯಾವ ಪ್ರಯಾಣವೂ ಒದಗದ ವಾರದಲ್ಲಿ ಕಡೂರಿನಿಂದ ಅರಸೀಕೆರೆಯ ಕಡೆಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಒಂದು ಓಟ, ಮಸಿ ಸುಟ್ಟುಹೋಗುವವರೆಗೆ ಎಲ್ಲಿಯೂ ನಿಲ್ಲಿಸದಂತೆ. ತೋಟಕ್ಕೆ, ಡೈರಿಗೆ, ಗೊಬ್ಬರದ ಚೀಟಿಗೆ ಹೋಗಲು ಒಂದು ಹಳೆಯ ಟಿವಿಎಸ್ ಎಕ್ಸೆಲ್ ಕೊಂಡಿದ್ದಾರೆ. ಅದರ ಹಿಂದೆ ಒಂದು ಹೊರೆ ಹಸಿಹುಲ್ಲೂ ಹಿಡಿಸುತ್ತದೆ.